ಕೆಂಪು ಬಳಿದ ಹಾಲುಹಲ್ಲು

ಹಾಲುಹಲ್ಲೊಂದನ್ನು ಸೀಳುವ ಮುನ್ನ ಹಲ್ಲಿನ ಡಾಕ್ಟರ್ ಧನಪಾಲರು ಅದು ಯಾವ ಮಗುವಿನದೋ ಆ ಮಗುವಿನ ಹೆಸರು ಹಿಡಿದು ಮೆಲ್ಲಗೆ ಕರೆಯುತ್ತಿದ್ದರು. ಕರೆದು, ಹಲ್ಲಿನೊಳಗಿಂದ ಯಾರೋ ಓಗೊಡಬೇಕಾಗಿದೆಯೆಂಬಂತೆ, ಗರಗಸ ಹಿಡಿದ ಕೈಯನ್ನು ತಡೆದು ಕ್ಷಣಕಾಲ ಕಿವಿಗೊಡುತ್ತಿದ್ದರು. ಸದ್ದಿಲ್ಲದ ನಡಿಗೆ, ಸದಾ ಗುಂಡಿ ಹಾಕಿದ ಬಿಳಿ ಕೋಟು, ಮಾತಿನ ನಡುವೆ ತಮ್ಮದೇ ದವಡೆಹಲ್ಲನ್ನು ನಾಲಿಗೆಯಿಂದ ತಡವಿ ನೋಡುವ ಚಾಳಿ. ಅಥಣಿಯಲ್ಲಿ ಅವರಷ್ಟು ವಿಚಾರವಂತರು ವಿರಳ. ಅಂಥವರಿಗೆ ಈ ಗೀಳು ಅಂಟಿದ್ದು ಎಂಬತ್ತೊಂಬತ್ತರ ಬೇಸಿಗೆಯಲ್ಲಿ.

ಹುಳುಕು ಹಲ್ಲಿಗೆ ತಾತ್ಕಾಲಿಕ ಸಿಮೆಂಟು ತುಂಬಿ, ಹದಿನೈದು ದಿನ ಬಿಟ್ಟು ಬರಲು ಹೇಳಿ ಕಳಿಸಿದರೆ, ಹಳ್ಳಿಯ ತಾಯಂದಿರು ಮಕ್ಕಳನ್ನು ಮತ್ತೆ ಕರೆತರುತ್ತಿದ್ದುದು ಕಬ್ಬಿನ ಹಂಗಾಮು ಮುಗಿದ ಮೇಲೆಯೇ. ಅಷ್ಟರಲ್ಲಿ ಸಿಮೆಂಟಿನ ಅಂಚಿನಿಂದ ಎಂಜಲು ಒಳಗಿಳಿದು, ಹಲ್ಲು ಬುಡದವರೆಗೆ ಕೊಳೆತು, ಕೀಳದೆ ಗತಿಯಿರುತ್ತಿರಲಿಲ್ಲ. ಒಂದು ಹಂಗಾಮು ತಡೆಯುವ ಸಿಮೆಂಟನ್ನು ಹುಡುಕಲು ಅವರು ಕಿತ್ತ ಹಾಲುಹಲ್ಲುಗಳಿಗೇ ಬಗೆಬಗೆಯ ಸಿಮೆಂಟು ತುಂಬಿ, ಬೇರೆಡೆಯಿಂದ ಶಾಯಿ ಒಳಗಿಳಿಯದಂತೆ ಸಿಮೆಂಟನ್ನೂ ಅದರ ಅಂಚನ್ನೂ ಬಿಟ್ಟು ಮಿಕ್ಕೆಲ್ಲ ಕಡೆ ಉಗುರುಬಣ್ಣ ಬಳಿದು, ಆರು ತಿಂಗಳು ನೀಲಿ ಶಾಯಿಯ ಸೀಸೆಗಳಲ್ಲಿ ಮುಳುಗಿಸಿಡುತ್ತಿದ್ದರು. ಆಮೇಲೆ ಸೀಳಿ, ನೀಲಿ ಎಷ್ಟು ಒಳಗಿಳಿದಿದೆಯೆಂದು ಭೂತಗನ್ನಡಿ ಹಿಡಿದು ಅಳೆಯುತ್ತಿದ್ದರು. ಮದುವೆಯಾಗದ ಡಾಕ್ಟರು ಕೆಂಪು ಉಗುರುಬಣ್ಣ ಕೊಳ್ಳುವುದು ಯಾರಿಗಾಗಿ ಎಂದು ಬಳೆಯಂಗಡಿಯ ತಾರವ್ವ ಊರೆಲ್ಲ ಸುದ್ದಿ ಮಾಡಿದ್ದಳು. ಅಲ್ಲಿಯವರೆಗೆ ಸೀಳಿದ ಪ್ರತಿ ಹಲ್ಲಿನಲ್ಲೂ ನೀಲಿಯಿತ್ತು, ಯಾವ ಸಿಮೆಂಟೂ ತಡೆದಿರಲಿಲ್ಲ.

ಆ ಬೇಸಿಗೆಯಲ್ಲಿ ಸತ್ತಿ ಎಂಬ ಹಳ್ಳಿಯ ಸಕ್ಕುಬಾಯಿ ಒಂಬತ್ತು ವರ್ಷದ ಮಗಳು ಗೌರಾಳನ್ನು ಕರೆತಂದಳು. ಎಂಟು ತಿಂಗಳ ಹಿಂದೆ ಅವರೇ ಕಿತ್ತ ಹಲ್ಲಿನ ಜಾಗದಲ್ಲಿ ಹೊಸದು ಹುಟ್ಟಿರಲಿಲ್ಲ. ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯದೆ ಹೊಸ ಹಲ್ಲು ಹುಟ್ಟಲಾರದೆಂಬುದು ತಾಯಿಯ ದಿಗಿಲು. ಗೌರಾ ಬಾಯಿ ತೆರೆದಳು. ಬೋಳು ವಸಡು ಉಬ್ಬಿ ನೀಲಿಗಟ್ಟಿತ್ತು, ಸೀಸೆಯೊಳಗಿನದೇ ನೀಲಿ. ಹೊಸ ಹಲ್ಲು ಮೇಲೇಳುವಾಗ ರಕ್ತ ಕಟ್ಟಿ ಹೀಗಾಗುವುದುಂಟು, ವಾರದೊಳಗೆ ಒಡೆದು ಹಲ್ಲು ಕಾಣುತ್ತದೆ ಎಂದು ಧನಪಾಲರು ಸಮಾಧಾನ ಹೇಳಿದರು. ಹೇಳುವಾಗಲೇ ಅವರ ಕಣ್ಣು ಸೀಸೆಗಳ ಕಪಾಟಿನತ್ತ ಹೊರಳಿತ್ತು.

"ಅಕಿ ಹಲ್ಲ ಅಕಿಗಿ ಕೊಟ್ಟಬಿಡ್ರಿ, ಸಾಹೇಬ್ರ," ಎಂದಳು ಸಕ್ಕುಬಾಯಿ.

ಕಪಾಟಿನಲ್ಲಿ ನಲವತ್ತು ಸೀಸೆಗಳಿದ್ದವು. ಪ್ರತಿಯೊಂದರ ಮೇಲೂ ಸಿಮೆಂಟಿನ ಹೆಸರಿತ್ತು. ಮಗುವಿನ ಹೆಸರು ಒಂದರ ಮೇಲೂ ಇರಲಿಲ್ಲ. ಯಾವುದೋ ಒಂದನ್ನು ಕೊಟ್ಟು ಸಾಗಹಾಕಲು ಮನಸ್ಸೊಪ್ಪದೆ ಅವರು ತಡವರಿಸುತ್ತಿರುವಾಗ, ಗೌರಾ ಎದ್ದು ಹೋಗಿ ಮೂರನೆಯ ಸಾಲಿನ ಸೀಸೆಯೊಂದರ ಮೇಲೆ ಬೆರಳಿಟ್ಟಳು.

"ಇದ ರೀ. ಇದಕ್ಕ ಒಳಗ ಭಾಳ ಥಂಡಿ ಹತ್ತೇತ್ರಿ."

ಮರುದಿನ ಸೀಳಬೇಕಿದ್ದ ಹಲ್ಲು ಅದು. ಗೆಳೆಯನೊಬ್ಬ ತಂದುಕೊಟ್ಟ ಹೊಸ ಸಿಮೆಂಟು ಅದೊಂದಕ್ಕೇ ಸಾಲುವಷ್ಟಿತ್ತು, ಧನಪಾಲರ ಆಸೆಯೆಲ್ಲ ಅದರಲ್ಲೇ ಇತ್ತು. ಅವರು ಇಕ್ಕಳದಿಂದೆತ್ತಿ, ಶಾಯಿ ಒರೆಸಿ, ಹುಡುಗಿಯ ಅಂಗೈಯಲ್ಲಿಟ್ಟರು. ನಿನಗೆ ಹೇಗೆ ಗೊತ್ತು ಎಂದು ಕೇಳುವ ಧೈರ್ಯವಾಗಲಿಲ್ಲ.

ಐದನೆಯ ದಿನ ವಸಡು ಒಡೆದು ಬಿಳಿಯ ತುದಿ ಕಂಡಿತು. ತಾವು ಹೇಳಿದ್ದೇ ಆಯಿತೆಂದು ಅವರು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಅಂದಿನಿಂದ ಸೀಸೆಗಳ ಮೇಲೆ ಮಕ್ಕಳ ಹೆಸರು ಬಂತು, ಸೀಳುವ ಮುಂಚಿನ ಆ ಕರೆಯೂ ಬಂತು.

ಅಳೆಯುವುದನ್ನೇ ಬಾಳಾಗಿಸಿಕೊಂಡವರು ಎಲ್ಲೋ ಒಮ್ಮೆ ಒಂದನ್ನು ಅಳೆಯದೆ ಬಿಟ್ಟಿರುತ್ತಾರೆ. ಉಳಿದ ಆಯುಷ್ಯವನ್ನು ಅವರು ಅದರ ಜೊತೆಯಲ್ಲೇ ಕಳೆಯುತ್ತಾರೆ. ಮೂರನೆಯ ಸಾಲಿನ ಆ ಸೀಸೆಗೆ ಧನಪಾಲರು ಬೇರೆ ಹಲ್ಲು ಹಾಕಲಿಲ್ಲ, ಅದರ ಶಾಯಿಯನ್ನೂ ಚೆಲ್ಲಲಿಲ್ಲ.