ಮಳೆ ತಡೆದವಳು

ಗಾದ್ರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ತೀರಿಕೊಂಡು ವರ್ಷ ತುಂಬದ ಅಕ್ಕ ಓಬಮ್ಮನ ಸಮಾಧಿ ಅಗೆಯಲು ಜಗಳೂರು ಸೀಮೆಯ ಆ ಊರಿನ ಗಂಡಸರು ಗುದ್ದಲಿ, ಹಾರೆ ಹಿಡಿದು ಅವಳ ಹೊಲದ ಬದುವಿಗೇ ಬಂದಿದ್ದರು. ಓಬಮ್ಮನಿಗೆ ತೊನ್ನಿತ್ತು. ತೊನ್ನಿದ್ದವರನ್ನು ಸುಡದೆ ಹೂತರೆ ಮಳೆ ಹೋಗುತ್ತದಂತೆ! ಬದುಕಿದ್ದಾಗ ಅವಳ ಕೈಯ ನೀರು ಕುಡಿಯದ ಜನ, ಸತ್ತ ಮೇಲೆ ಆಕಾಶದ ಬೀಗದ ಕೈಯನ್ನೇ ಅವಳ ಸೊಂಟಕ್ಕೆ ಸಿಕ್ಕಿಸಿದ್ದರು.

ಗಾದ್ರಮ್ಮ ಹೋಗಿ ಸಮಾಧಿಯ ಮೇಲೆ ಕೂತುಬಿಟ್ಟಳು.

"ಏಳಕ್ಕ," ಎಂದ ಕೆಂಚೇಶ್. ಊರಿಗೆ ಮುಂದಾಳು, ಸಂಬಂಧದಲ್ಲಿ ಅವಳಿಗೆ ತಮ್ಮನಾಗಬೇಕು. "ಮೆಕ್ಕೆಜೋಳ ಮೊಣಕಾಲುದ್ದಕ್ಕೇ ಸುಟ್ಟೋಗೈತೆ. ಊರಿನ ಹೊಟ್ಟೆ ಮುಖ್ಯನೋ, ನಿಮ್ಮಕ್ಕನ ಮೂಳೆ ಮುಖ್ಯನೋ?"

"ಅವತ್ತು ಕೃಷಿ ಸಾಹೇಬ್ರು ಸಭೆ ಮಾಡಿ ಏನು ಹೇಳಿದ್ರೋ? ದೂರದ ಸಮುದ್ರ ಕಾದೈತೆ, ಉತ್ತರದ ತುದೀಲಿ ಹಿಮ ಕರಗಾಕೆ ಹತ್ತೈತೆ, ಗಾಳಿ ದಾರಿ ತಪ್ಪೈತೆ, ಮಳೆ ಬಂದ್ರೆ ಒಂದೇ ಸಲ ಸುರಿತೈತೆ, ಇಲ್ದಿದ್ರೆ ಇಲ್ಲ ಅಂದ್ರೋ ಇಲ್ವೋ? ಮುಂದಿನ ಕುರ್ಚೀಲಿ ಕುಂತು ತಲೆ ಆಡ್ಸಿದ್ದು ನೀನೇ ಅಲ್ಲೇನೋ?"

ಕೆಂಚೇಶ್ ತಲೆ ತಗ್ಗಿಸಲಿಲ್ಲ. "ಅಂದ್ರು. ನಂಬ್ತೀನಿ ಕೂಡ. ಆದ್ರೆ ಸಮುದ್ರ ಅಗಿಯಾಕೆ ಆಗ್ತೈತೇನಕ್ಕ? ಇದನ್ನ ಅಗಿಬೌದು."

ಅವಳ ಸಿಟ್ಟು ನೆತ್ತಿಗೇರಿದ್ದು ಆ ಮಾತಿಗೇ. ತಿಳಿಯದೆ ಮಾಡುವವರನ್ನು ಬೈದು ತಿದ್ದಬಹುದು. ತಿಳಿದೂ ತಿಳಿದೂ ಕೈಗೆ ಸಿಕ್ಕವರ ಮೇಲೆ ಗುದ್ದಲಿ ಎತ್ತುವವರಿಗೆ ಏನು ಹೇಳುವುದು? ಮಣ್ಣು ಬಾಚಿ ಅವನ ಮುಖಕ್ಕೆ ಎರಚಿದಳು. ಊರ ಹೆಂಗಸರೇ ಬಂದು ಅವಳ ರಟ್ಟೆ ಹಿಡಿದು ಎಳೆದರು. ಅಕ್ಕನ ಸೀರೆಯ ಅಂಚು ಮಣ್ಣಿನಿಂದ ಮೇಲೆ ಬಂದಾಗಲೂ ಗಾದ್ರಮ್ಮ ಕಣ್ಣು ಮುಚ್ಚಲಿಲ್ಲ. ಯಾರ್ಯಾರು ಅಗೆದರೆಂದು ನೋಡಿಕೊಂಡಳು. ಸಂಜೆಯೊಳಗೆ ಸುಟ್ಟು, ಬೂದಿಯನ್ನು ಹಳ್ಳಕ್ಕೆ ತೂರಿದರು.

ಆ ವರ್ಷ ಮಳೆ ಬರಲೇ ಇಲ್ಲ. ತಪ್ಪಾಯಿತೆಂದು ಒಬ್ಬನೂ ಅವಳ ಬಾಗಿಲಿಗೆ ಬರಲಿಲ್ಲ.

ಮರುವರ್ಷ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು, ಕೊಯ್ಲಿಗೆ ಬಂದ ಬೆಳೆಯ ಮೇಲೆ ಮಳೆ ಬಿಡದೆ ಸುರಿಯಿತು. ತೆನೆಗಳು ಗಿಡದಲ್ಲೇ ಮೊಳೆತವು, ಕೆರೆ ಏರಿ ಒಡೆಯಿತು. ಆಗ ಬಂದ ಕೆಂಚೇಶ್, ತೊಯ್ದು ತೊಪ್ಪೆಯಾಗಿ, ಕೈಯಲ್ಲಿ ತೆಂಗಿನಕಾಯಿ ಹಿಡಿದು.

"ಓಬಮ್ಮಕ್ಕ ಮುನಿಸ್ಕಂಡಾಳೆ ಅಂತಾರೆ ಕಣಕ್ಕ. ಒಂದು ಪೂಜೆ ಮಾಡಿ ಶಾಂತಿ ಮಾಡಿಸ್ಬೇಕು. ನೀನೇ ಮುಂದೆ ನಿಂತು..."

ಗಾದ್ರಮ್ಮ ಬೈಯಲಿಲ್ಲ. ಅವನ ರಟ್ಟೆ ಹಿಡಿದು ದರದರ ಬದುವಿಗೆ ಎಳೆದೊಯ್ದಳು. ಸಮಾಧಿಯಿದ್ದ ಕಡೆ ಗುಂಡಿಯಲ್ಲಿ ಕೆಸರು ನೀರು ತುಂಬಿತ್ತು.

"ಒಡಿಯೋ ಕಾಯಿ," ಎಂದಳು. "ಅದಕ್ಕೂ ಮುಂಚೆ ನಮ್ಮಕ್ಕನ್ನ ಎಲ್ಲಿ ಉಳ್ಸಿದೀಯ, ತೋರ್ಸು."