ಮೋಡದೂರಿನ ಮೆಟ್ಟಿಲುಗಳು

ಅರವತ್ತೊಂದನೆಯ ವಯಸ್ಸಿನಲ್ಲಿ ಪೆರು ದೇಶದ ಬೆಟ್ಟ ಹತ್ತುತ್ತೇನೆ ಎಂದು ರಮಾಮಣಿ ಹೊರಟಾಗ ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನ ಕನ್ನಡದವರಲ್ಲಿ ನಗದೆ ಇದ್ದವರು ಯಾರೂ ಇಲ್ಲ. ಮಿಕ್ಕವರು ಬೆನ್ನ ಹಿಂದೆ ನಕ್ಕರೆ ಗಂಡ ಅಶ್ವತ್ಥನಾರಾಯಣ ಎದುರಿಗೇ ನಕ್ಕ.

"ಅಲ್ವೇ ರಮಾ, ಎದುರುಗಡೆ ಅಂಗಡಿಯಿಂದ ಹಾಲು ತರೋಕೂ ಕಾರ್ ತೆಗೀತೀಯ. ನಾಲ್ಕು ದಿನ ಬೆಟ್ಟ ಹತ್ತೋದು ಯಾರು, ನಾನಾ?"

ಮಾತು ಸುಳ್ಳಲ್ಲ. ನಿಜ ಹೇಳಬೇಕೆಂದರೆ ಆ ಟ್ರೆಕ್ ಅವಳದೂ ಅಲ್ಲ, ಮಗಳು ಗಾರ್ಗಿಯದು. ನಾಲ್ಕನೇ ಗ್ರೇಡ್‌ನಲ್ಲಿ ಸಕ್ಕರೆ ಕ್ಯೂಬ್ ಅಂಟಿಸಿ ಪೆರುವಿನ ಹಳೆಯ ಬೆಟ್ಟದೂರು ಮಾಚು ಪಿಚುವಿನ ಮಾದರಿ ಕಟ್ಟಿ, ಮನೆ ತುಂಬ ಇರುವೆ ಕರೆಸಿದ್ದ ಹುಡುಗಿ ಅದು. ಇಪ್ಪತ್ತೆಂಟಾದರೂ ಆ ಹುಚ್ಚು ಬಿಟ್ಟಿರಲಿಲ್ಲ. ಜೆರ್ಸಿ ಸಿಟಿಯ ತನ್ನ ಅಪಾರ್ಟ್‌ಮೆಂಟಿನಿಂದ ಫೋನ್ ಮಾಡಿ, ಇಂಕಾ ಜನರ ಹಳೆಯ ಕಲ್ಲುದಾರಿಯಲ್ಲೇ ನಡೆದು ಅಲ್ಲಿಗೆ ಹೋಗುತ್ತೇನೆ ಎಂದಾಗ ರಮಾಮಣಿಯ ಬಾಯಿಂದ "ನಾನೂ ಬರಲಾ?" ಎಂದು ಬಂದುಬಿಟ್ಟಿತು. ಮಗಳು ಒಂದು ಕ್ಷಣ ಬಿಟ್ಟು "ಶ್ಯೂರ್" ಅಂದಳು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳು ಶ್ಯೂರ್ ಎಂದರೆ ಅದಕ್ಕೆ ನೂರು ಅರ್ಥ. ರಮಾಮಣಿ ತನಗೆ ಬೇಕಾದ ಒಂದನ್ನು ಹಿಡಿದುಕೊಂಡಳು.

ಅಲ್ಲಿಂದ ಶುರುವಾಯಿತು ತಯಾರಿ. ಅವಳಿಗೆ ಸೀಕಾಕಸ್‌ನಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನ ಕೆಲಸ. ಟ್ರೇನ್ ಇಳಿದವಳು ಎಸ್ಕಲೇಟರ್ ಕಡೆ ತಿರುಗಿಯೂ ನೋಡದೆ, ಬೆನ್ನಿಗೆ ಹತ್ತು ಪೌಂಡ್ ತೊಗರಿಬೇಳೆ ಹೊತ್ತು, ಸ್ಟೇಷನ್ನಿನ ಮೆಟ್ಟಿಲನ್ನು ಐದೈದು ಸಲ ಹತ್ತಿ ಇಳಿದಳು. ಮೊಣಕಾಲಿನ ಮೇಲೆ ಬರುವ ದಪ್ಪ ಸಾಕ್ಸು, ಒಂದೊಂದೂ ಒಂದೊಂದು ಇಟ್ಟಿಗೆಯಷ್ಟು ಭಾರದ ಬೂಟು, ಎರಡು ಊರುಗೋಲು. ಆರು ತಿಂಗಳು ಈ ವೇಷದಲ್ಲಿ ಅವಳನ್ನು ನೋಡಿ ನೋಡಿ ಸ್ಟೇಷನ್ನಿನ ಗಾರ್ಡ್ ಸೆಲ್ಯೂಟ್ ಹೊಡೆಯಲು ಶುರು ಮಾಡಿದ್ದ.

ಬೆಟ್ಟದ ಬುಡದಲ್ಲಿ ಗೈಡ್ ಎಫ್ರಾಯಿನ್ ಎಂಟು ಜನರ ಗುಂಪಿಗೆ ನಿಯಮಗಳನ್ನು ಹೇಳಿದ. ಐವತ್ತರ ಆಸುಪಾಸಿನ, ಅದೇ ಬೆಟ್ಟದ ಮಗ್ಗುಲಿನ ಹಳ್ಳಿಯವನು. ಇಂಗ್ಲಿಷ್ ನಿಧಾನ, ಕಾಲು ಚುರುಕು. ಗುಡಾರ, ಅಡುಗೆ ಸಾಮಾನು, ಬಟ್ಟೆಯ ಚೀಲ ಎಲ್ಲ ಹಮಾಲರು ಹೊತ್ತು ಮುಂದೆ ಓಡುತ್ತಾರೆ. ಗುಂಪಿನ ಕಟ್ಟಕಡೆಗೆ ಒಬ್ಬ ಹಮಾಲ ಬರುತ್ತಾನೆ. ನೀವು ಮರೆತು ಬಿಟ್ಟ ಟೋಪಿ, ಕೋಲು, ಬಾಟಲಿ ಏನಿದ್ದರೂ ಎತ್ತಿಕೊಂಡು ನಿಮಗಿಂತ ಮೊದಲೇ ಕ್ಯಾಂಪ್ ಮುಟ್ಟಿಸುತ್ತಾನೆ. ಎಂಥ ಒಳ್ಳೆಯ ಏರ್ಪಾಟು ಎಂದು ರಮಾಮಣಿ ಮನಸಾರೆ ಮೆಚ್ಚಿಕೊಂಡಳು.

ಮೊದಲ ದಿನ ಎಲ್ಲರಿಗಿಂತ ಒಂದೂವರೆ ಗಂಟೆ ತಡವಾಗಿ ಕ್ಯಾಂಪ್ ಸೇರಿದಳು. ಸಂಜೆ ಊಟದ ಗುಡಾರದ ಹೊರಗೆ ಕೈ ತೊಳೆಯುತ್ತಿದ್ದಾಗ ಒಳಗಿನಿಂದ ಗಾರ್ಗಿಯ ದನಿ ಕೇಳಿಸಿತು. ಎಫ್ರಾಯಿನ್‌ಗೆ ಹೇಳುತ್ತಿದ್ದಳು: "ಇಫ್ ಮೈ ಮಾಮ್ ಕಾಂಟ್ ಡೂ ಇಟ್, ನಾನು ಅವಳ ಜೊತೆ ವಾಪಸ್ ಹೋಗ್ತೀನಿ. ಪರವಾಗಿಲ್ಲ." ಹಾಗೆಂದು ಇಂಗ್ಲಿಷಿನಲ್ಲಿ ಅವಳು ಹೇಳಿದ್ದು ತಾಯಿಯ ಕಿವಿಗೆ ಅಚ್ಚ ಕನ್ನಡದಲ್ಲಿ ಇಳಿಯಿತು.

ಪರ್ಮಿಟ್ ಸಿಗಲು ಎಂಟು ತಿಂಗಳು, ರಜಕ್ಕೆ ಎರಡು ವರ್ಷ, ಕನಸಿಗೆ ಹತ್ತೊಂಬತ್ತು ವರ್ಷ. ಅಷ್ಟನ್ನೂ ನಾನು ನನ್ನ ಕಾಲಿನಿಂದ ಒದ್ದು ಕೆಡಿಸುವುದೇ? ಪ್ರಾಣ ಹೋದರೂ ಸರಿ, ನನ್ನಿಂದಾಗಿ ಈ ಹುಡುಗಿ ಹಿಂದೆ ತಿರುಗಬಾರದು ಎಂದು ಅವಳು ಅಲ್ಲೇ, ಒದ್ದೆ ಕೈಯಲ್ಲೇ, ನಿಶ್ಚಯ ಮಾಡಿದಳು.

ಎರಡನೆಯ ದಿನದ ಏರಿಗೆ ಸತ್ತ ಹೆಂಗಸಿನ ಪಾಸ್ ಎಂದು ಹೆಸರು. ಮಲಗಿದ ಹೆಂಗಸಿನ ಹಾಗೆ ಬೆಟ್ಟ ಕಾಣುವುದರಿಂದ ಹಾಗಂತೆ. ಕಾರಣ ಏನಾದರೂ ಇರಲಿ, ಮೇಲೆ ಹೋಗುತ್ತಿರುವ ಹೆಂಗಸಿಗೆ ಹೇಳುವ ಹೆಸರೇ ಅದು? ಹದಿಮೂರು ಸಾವಿರದ ಎಂಟುನೂರು ಅಡಿ. ಹತ್ತು ಹೆಜ್ಜೆ, ಒಂದು ನಿಲುಗಡೆ. ಆಮೇಲೆ ಐದು ಹೆಜ್ಜೆ, ಒಂದು ನಿಲುಗಡೆ. ಉಸಿರು ಎಳೆದರೆ ಎದೆಗೆ ಬರುವುದು ಅರ್ಧ. ಬೂಟು ಒಂದೊಂದು ಹೆಜ್ಜೆಗೂ ಭಾರವಾಗುತ್ತ ಹೋಯಿತು. ಗಾರ್ಗಿ ಮುಂದೆ ಹೋಗುವಳು, ನಿಲ್ಲುವಳು, "ಅಮ್ಮಾ, ಆರ್ ಯೂ ಓಕೆ? ಸಾಕಾ? ವೀ ಕ್ಯಾನ್ ಗೋ ಬ್ಯಾಕ್" ಎನ್ನುವಳು. ಅವಳು ಕೇಳಿದಷ್ಟೂ ರಮಾಮಣಿಯ ಹಠ ಏರಿತು. ಜಪ್ಪಯ್ಯ ಅಂದರೂ ಕೂರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಮೇಲೆ ನಿಂತಳು. ಕಣ್ಣು ಹೋದಷ್ಟು ದೂರ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಹಿಮ. ಮೋಡ ಕಾಲಿನ ಕೆಳಗೆ. ಆ ಅಗಾಧದ ನಡುವೆ, ದಾರದಷ್ಟು ತೆಳ್ಳಗೆ, ಕಲ್ಲು ಹಾಸಿದ ದಾರಿ ಇಳಿದು, ತಿರುಗಿ, ಮತ್ತೆ ಏರಿ ಹೋಗುತ್ತಿತ್ತು. ಚಕ್ರವಿಲ್ಲ, ಕಬ್ಬಿಣವಿಲ್ಲ, ಕುದುರೆಯಿಲ್ಲ. ಐನೂರು ವರ್ಷಕ್ಕೂ ಹಿಂದೆ ಮನುಷ್ಯರು ಬರಿಯ ಕೈಯಿಂದ ಇಟ್ಟ ಕಲ್ಲು. "ಅಯ್ಯೋ ದೇವರೇ, ಯಾರಪ್ಪಾ ನೀವು!" ಎಂದು ಅವಳು ಗಟ್ಟಿಯಾಗಿಯೇ ಕೇಳಿದಳು. ಗಾಳಿಗೆ ಕಣ್ಣಲ್ಲಿ ನೀರು ಬಂತು ಎಂದು ಮಗಳಿಗೆ ಹೇಳಿದಳು. ಗಾಳಿ ಇರಲಿಲ್ಲ.

ಮೂರನೆಯ ದಿನ ನಡುಮಧ್ಯಾಹ್ನ, ದಟ್ಟ ಮಂಜಿನಲ್ಲಿ, ಒಂದು ಪಾಳು ಊರು ಎದುರಾಯಿತು. ಮೋಡದ ಮೇಲಿನ ಊರು ಎಂದು ಅದರ ಹೆಸರು. ಬೆಟ್ಟದ ನೆತ್ತಿಯಲ್ಲಿ ಗೋಡೆ, ಗೋಡೆಯ ಬುಡದಲ್ಲಿ ಕಲ್ಲಿನ ತೊಟ್ಟಿಗಳ ಸಾಲು. ಮೇಲಿನ ತೊಟ್ಟಿಯಿಂದ ಕೆಳಗಿನದಕ್ಕೆ, ಅದರಿಂದ ಇನ್ನೂ ಕೆಳಗಿನದಕ್ಕೆ, ನೀರು ಸಣ್ಣಗೆ ಇಳಿಯುತ್ತಲೇ ಇತ್ತು.

"ಈ ನೀರು ನಿಂತೇ ಇಲ್ಲ" ಎಂದ ಎಫ್ರಾಯಿನ್. "ಕಟ್ಟಿದವರು ಹೋದರು. ನೋಡುವವರಿಲ್ಲದೆ ಮುನ್ನೂರು ನಾನೂರು ವರ್ಷ ಹರಿಯಿತು. ನಾವು ಬಂದಾಗಲೂ ಹರಿಯುತ್ತಿತ್ತು."

ರಮಾಮಣಿಯ ಮೈ ಜುಮ್ಮೆಂದಿತು. ಇದು ತೀರ್ಥವಲ್ಲದಿದ್ದರೆ ಇನ್ಯಾವುದು ತೀರ್ಥ? ಅವಳು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಇಂಥ ಕಡೆ ಮನಸ್ಸು ಯೋಚಿಸುವ ಮೊದಲೇ ಕೈ ಕೆಲಸ ಮಾಡುತ್ತದೆ. ಕೂತು ಲೇಸು ಬಿಚ್ಚಿದಳು, ಸಾಕ್ಸನ್ನು ಮಡಿಸಿ ಬೂಟಿನೊಳಗೆ ತುರುಕಿದಳು, ಎರಡನ್ನೂ ಜೋಡಿಸಿ ಗೋಡೆಯಲ್ಲಿದ್ದ ಕಲ್ಲುಬಾಗಿಲಿನ ಪಕ್ಕಕ್ಕೆ ಇಟ್ಟಳು. ಗೋಡೆಯ ಆಚೆಗೆ ಹೋಗಿ ಮೊದಲು ಕಾಲು ತೊಳೆದು, ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, ಆ ಕಲ್ಲಿಗೆ ಹಣೆ ಹಚ್ಚಿ ಎಷ್ಟು ಹೊತ್ತು ನಿಂತಳೋ ಅವಳಿಗೇ ಗೊತ್ತಿಲ್ಲ.

ತಿರುಗಿ ಬಂದರೆ ಬೂಟು ಇಲ್ಲ.

ಇನ್ನೇನು, ಕಟ್ಟಕಡೆಯ ಹಮಾಲ ಬಂದಿದ್ದಾನೆ. ಮರೆತವರ ಬೂಟು ಎಂದು ಭಕ್ತಿಯಿಂದ ಎತ್ತಿಕೊಂಡಿದ್ದಾನೆ. ಈಗ ಅದು ಬೆಟ್ಟದ ಕೆಳಗೆ, ಕೊನೆಯ ಕ್ಯಾಂಪಿನ ಕಡೆ ಓಡುತ್ತಿದೆ. ಅವಳ ಇನ್ನೊಂದು ಜೊತೆ ಚಪ್ಪಲಿ ಬಟ್ಟೆಯ ಚೀಲದಲ್ಲಿ ಅದಕ್ಕೂ ಮೊದಲೇ ಹೋಗಿಯಾಗಿದೆ. ಮಾಡಿದ್ದುಣ್ಣೋ ಮಹರಾಯ!

"ಅಮ್ಮಾ! ಬೆಟ್ಟದ ಮೇಲೆ ಯಾರಾದ್ರೂ ಶೂಸ್ ಬಿಡ್ತಾರಾ?"

"ರಾಬಿನ್ಸ್‌ವಿಲ್ ದೇವಸ್ಥಾನದಲ್ಲಿ ನೀನೂ ಬಿಡ್ತೀಯಲ್ಲೇ?"

"ಅಲ್ಲಿ ಶೂ ರ‍್ಯಾಕ್ ಇದೆ, ಅಮ್ಮಾ!"

"ಹೋಗ್ಲಿ ಬಿಡು. ದೇವಸ್ಥಾನದಲ್ಲಿ ಚಪ್ಪಲಿ ಕಳೆದ್ರೆ ಶನಿ ಬಿಟ್ಟ ಹಾಗೆ ಅಂತಾರೆ" ಎಂದಳು ರಮಾಮಣಿ. ನಗಿಸೋಣ ಎಂದು ಹೇಳಿದ್ದು, ಯಾರೂ ನಗಲಿಲ್ಲ.

ಎಫ್ರಾಯಿನ್ ಗಡಿಯಾರ ನೋಡಿದ. ಕ್ಯಾಂಪಿಗೆ ಇಳಿಯಲು ಇನ್ನು ಸಾವಿರಾರು ಮೆಟ್ಟಿಲು. ಯಾರನ್ನಾದರೂ ಓಡಿಸಿ ಬೂಟು ತರಿಸುವಷ್ಟರಲ್ಲಿ ಕತ್ತಲಾಗುತ್ತದೆ. ಕತ್ತಲಲ್ಲಿ ಇಳಿಸಲು ಅವನು ಒಪ್ಪುವುದಿಲ್ಲ. ನಾಳೆ ಬೆಳಗ್ಗೆ ಕ್ಯಾಂಪಿನಾಚೆಯ ದಾರಿಯ ಗೇಟು ತೆರೆಯುವಾಗ ಅಲ್ಲಿ ಇರದಿದ್ದರೆ, ಸೂರ್ಯ ಹುಟ್ಟುವಾಗ ಮಾಚು ಪಿಚು ಕಾಣುವ ಸೂರ್ಯದ್ವಾರವೂ ಇಲ್ಲ, ಆ ಮೊದಲ ನೋಟವೂ ಇಲ್ಲ. ಗಾರ್ಗಿ ತಾಯಿಯ ಪಕ್ಕ ಕೂತುಬಿಟ್ಟಳು. "ಐಲ್ ಸ್ಟೇ ವಿತ್ ಹರ್" ಅಂದಳು.

"ಯಾರೂ ಸ್ಟೇ ಮಾಡೋದು ಬೇಡ. ಎದ್ದೇಳು" ಎಂದು ರಮಾಮಣಿ ಪ್ಯಾಂಟು ಮಡಿಚಿದಳು. "ಚಾಮುಂಡಿಬೆಟ್ಟದ ಸಾವಿರ ಮೆಟ್ಲು ಬರಿಗಾಲಲ್ಲೇ ಹತ್ತಿರೋಳು ನಾನು."

ಮೊದಲ ಇಪ್ಪತ್ತು ಮೆಟ್ಟಿಲಿಗೆ ಕಾಲು ಜೋಮು ಹಿಡಿಯಿತು. ಐವತ್ತಾಗುವಷ್ಟರಲ್ಲಿ ಎಲ್ಲಿಂದಲೋ ಹಳೆಯ ಅಭ್ಯಾಸ ಎದ್ದು ಬಂತು. ಬೂಟಿನೊಳಗೆ ಮೂರು ದಿನ ಕುರುಡಾಗಿದ್ದ ಪಾದಕ್ಕೆ ಈಗ ಒಂದೊಂದು ಕಲ್ಲೂ ತಿಳಿಯತೊಡಗಿತು. ಇಲ್ಲಿ ಕಲ್ಲಿನಿಂದ ಕುಟ್ಟಿದ ಗುರುತು, ಇಲ್ಲಿ ನೀರು ಜಾರಿಹೋಗಲೆಂದು ಕೊಟ್ಟ ಚೂರು ಇಳಿಜಾರು, ಇಲ್ಲಿ ಇಡೀ ಬಂಡೆಯನ್ನೇ ಕಡಿದು ಮಾಡಿದ ಹತ್ತು ಮೆಟ್ಟಿಲು. ನ್ಯೂಜೆರ್ಸಿಯ ಮನೆಯ ಡ್ರೈವ್‌ವೇ ಪ್ರತಿ ಚಳಿಗಾಲಕ್ಕೂ ಬಿರುಕು ಬಿಡುತ್ತದೆ. ಇಲ್ಲಿ ಒಂದೇ ಒಂದು ಕಲ್ಲಾದರೂ ಅಲುಗಬೇಕಲ್ಲ? ಊಹೂಂ. ಯಾರೋ ಒಬ್ಬ, ತನ್ನಂತೆಯೇ ಕುಳ್ಳ ಕಾಲಿನವನು, ಮುಂದೆ ಬರುವವರ ಕಾಲಿಗೆ ಹಿತವಾಗಲಿ ಎಂದು ಅಳೆದು ಇಟ್ಟಿದ್ದಾನೆ. ಆ ಪುಣ್ಯಾತ್ಮನ ಕೈಯ ಮೇಲೆ ಕಾಲಿಡುತ್ತಿದ್ದೇನೆ ಅನ್ನಿಸಿ ಅವಳು ಬಗ್ಗಿ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಅಷ್ಟರಲ್ಲಿ ಮಂಜು ಸರಿಯಿತು.

ಬಲಗಡೆ ಏನೂ ಇರಲಿಲ್ಲ. ಮೆಟ್ಟಿಲಿನ ಅಂಚು, ಅದರಾಚೆ ಗಾಳಿ, ಬಹಳ ಬಹಳ ಕೆಳಗೆ ದಾರದೆಳೆಯಂತೆ ನದಿ. ರಮಾಮಣಿ ಬೆರಗಾಗಿ ನೋಡುತ್ತ ನಿಂತಳು. ಹಿಂದಿನಿಂದ ಹೆಜ್ಜೆ ಸದ್ದು ನಿಂತದ್ದು ತಡವಾಗಿ ತಿಳಿಯಿತು. ತಿರುಗಿದರೆ ಗಾರ್ಗಿ ಎಡಗಡೆಯ ಬಂಡೆಗೆ ಬೆನ್ನು ಒತ್ತಿ, ಎರಡೂ ಕೈಯಲ್ಲಿ ಹುಲ್ಲು ಹಿಡಿದು ಕೂತಿದ್ದಾಳೆ. ಮುಖದಲ್ಲಿ ರಕ್ತವೇ ಇಲ್ಲ.

"ಐ ಕಾಂಟ್, ಅಮ್ಮಾ. ಐ ಕಾಂಟ್ ಮೂವ್."

"ಏನಾಯ್ತೋ ಪುಟ್ಟಾ?"

ಹುಡುಗಿ ಅಳತೊಡಗಿದಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ಇದೇ ಮೆಟ್ಟಿಲಿನ ವಿಡಿಯೋ ಅವಳು ಮಾರ್ಚ್ ತಿಂಗಳಲ್ಲೇ ನೋಡಿದ್ದಳು. ಅಂದಿನಿಂದ ನಿದ್ದೆ ಇಲ್ಲ. ಆಫೀಸಿನವರಿಗೆಲ್ಲ ಹೇಳಿಕೊಂಡು ತಿರುಗಿದ ಮೇಲೆ ಕ್ಯಾನ್ಸಲ್ ಮಾಡಲು ಮರ್ಯಾದೆ ಅಡ್ಡ ಬಂತು. "ನಿಂಗೆ ಆಗಲ್ಲ ಅಂತ ನೀನೇ ಹೇಳ್ತೀಯ ಅಂತ ವೇಟ್ ಮಾಡ್ತಾ ಇದ್ದೆ, ಅಮ್ಮಾ. ಆ ಪಾಸ್‌ನಲ್ಲಿ ಎಷ್ಟು ಸಲ ಕೇಳ್ದೆ! ಐ ವುಡ್ ಹ್ಯಾವ್ ಗಾನ್ ಹೋಮ್ ಸೋ ಹ್ಯಾಪಿಲಿ. ಆಮೇಲೆ ನಿನ್ನ ಶೂಸ್ ಹೋದಾಗ... ಐ ವಾಸ್ ಗ್ಲ್ಯಾಡ್."

"ಕಳ್ಳಿ! ಸತ್ತು ಸತ್ತು ಹತ್ತಿದೆನಲ್ಲೇ ನಾನು, ನನ್ನಿಂದ ನೀನು ವಾಪಸ್ ಹೋಗ್ಬಾರ್ದು ಅಂತ!"

ಕೋಪ ಬಂದದ್ದು ನಿಜ. ಅದು ಇದ್ದದ್ದು ಅರೆಗಳಿಗೆ. ಹುಲ್ಲು ಹಿಡಿದ ಆ ಕೈ ನೋಡಿದ ಮೇಲೆ ಯಾವ ತಾಯಿಗೆ ಕೋಪ ನಿಂತೀತು? ಅವಳು ಒಂದು ಮೆಟ್ಟಿಲು ಕೆಳಗೆ, ಕಣಿವೆಯ ಬದಿಗೆ, ಮಗಳಿಗೆ ಅಡ್ಡವಾಗಿ ನಿಂತಳು.

"ಹೆಗಲ ಮೇಲೆ ಕೈ ಇಡು. ಆ ಕಡೆ ನೋಡ್ಬೇಡ, ಈ ಕಡೆ ನೋಡ್ಬೇಡ. ನನ್ನ ಹಿಮ್ಮಡಿ ನೋಡು. ನಾನು ಎಲ್ಲಿ ಕಾಲಿಟ್ಟೆನೋ ಅಲ್ಲೇ ನೀನೂ ಇಡು. ನಾನು ಎಣಿಸ್ತೀನಿ."

"ಅಮ್ಮಾ, ಕೈ ಬಿಡ್ಬೇಡ."

"ಬಿಡಲ್ಲ. ನಿನ್ನ ಹೊರೋ ಮುಂಚೆ ಹರಕೆ ಹೊತ್ತು, ಚಾಮುಂಡಿಬೆಟ್ಟದ ಅಷ್ಟೂ ಮೆಟ್ಲಿಗೂ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಹಚ್ಚಿದೀನಿ. ಅದಕ್ಕೇ ನೀನು ಇಷ್ಟು ಹಠಮಾರಿ ಆಗಿ ಹುಟ್ಟಿದ್ದು. ಹ್ಞೂಂ, ಒಂದು."

ಒಂದು. ಎರಡು. ಮೂರು. ಎಫ್ರಾಯಿನ್ ಹಿಂದೆ ಬಂದ. ಇನ್ನೂರರ ಹೊತ್ತಿಗೆ ಹೆಗಲ ಮೇಲಿನ ಬೆರಳು ಸ್ವಲ್ಪ ಸಡಿಲವಾಯಿತು. ಆರುನೂರರ ಹೊತ್ತಿಗೆ ಗಾರ್ಗಿಯೂ ಜೊತೆಗೆ ಎಣಿಸತೊಡಗಿದಳು. ಸಾವಿರಕ್ಕೆ ಮತ್ತೆ ಒಂದರಿಂದ ಶುರು ಮಾಡಿದರು. ರಮಾಮಣಿಯ ಹೆಬ್ಬೆರಳು ಒಡೆದು ರಕ್ತ ಬಂದಿತ್ತು. ಅವಳು ಅದನ್ನು ಹೇಳಲಿಲ್ಲ, ಮಗಳು ನೋಡಿಯೂ ಎಣಿಕೆ ತಪ್ಪಿಸಲಿಲ್ಲ.

ಕ್ಯಾಂಪ್ ಮುಟ್ಟಿದಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ. ಆ ಹಮಾಲ ಬೂಟನ್ನು ಒರೆಸಿ ಹೊಳಪಿಸಿ ಹಿಡಿದು ನಿಂತಿದ್ದ. ಅವಳ ಬರಿಯ ಕಾಲು ನೋಡಿ ಎದೆ ಒಡೆದವನಂತೆ ಕುಸಿದು ಕೂತ. ಬಿಸಿನೀರು ತಂದು ತಾನೇ ತೊಳೆಯಲು ಹೊರಟಾಗ ರಮಾಮಣಿ, "ಅಯ್ಯಯ್ಯೋ, ಕಾಲು ಮುಟ್ಟಬೇಡಪ್ಪಾ!" ಎಂದು ಹಿಂದೆ ಸರಿದಳು. ಕೊನೆಗೆ ಪಾತ್ರೆಯನ್ನು ಗಾರ್ಗಿ ಇಸಿದುಕೊಂಡಳು.

ಮರುದಿನ ಬೆಳಗಿನ ಜಾವಕ್ಕೆ ಗೇಟು ತೆರೆಯಿತು. ಸೂರ್ಯದ್ವಾರಕ್ಕೆ ಕಡೆಯ ಐವತ್ತು ಮೆಟ್ಟಿಲು ಗೋಡೆಯಂತೆ ನೆಟ್ಟಗೆ. ಇಬ್ಬರೂ ಕೈಯೂರಿಕೊಂಡು ಹತ್ತಿದರು. ಮೇಲೆ ಎರಡು ಕಲ್ಲುಕಂಬಗಳ ನಡುವೆ ಬಂದದ್ದೇ ಗಾರ್ಗಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಳು. ಮುಂದೆ ಮತ್ತೆ ಬರಿಯ ಗಾಳಿ ಎಂದು ಅವಳಿಗೆ ಗೊತ್ತಿತ್ತು.

"ನೀನು ಮೊದಲು ನೋಡು, ಅಮ್ಮಾ. ನೋಡಿ ಹೇಳು."

ರಮಾಮಣಿ ನೋಡಿದಳು. ಹಿಂದಿನ ಬೆಟ್ಟದ ಮೇಲಿಂದ ಸೂರ್ಯ ಎದ್ದು ಅವಳ ಹೆಗಲ ಮೇಲೆ ಹಾದು ಹೋದ. ಬಿಸಿಲು ಎದುರಿನ ಶಿಖರದ ತುದಿಗೆ ತಾಕಿತು, ನಿಧಾನವಾಗಿ ಇಳಿಯಿತು, ಇಳಿದಲ್ಲೆಲ್ಲ ಒಂದು ಊರು ಹುಟ್ಟುತ್ತ ಬಂತು.

"ಹೇಳು, ಅಮ್ಮಾ."

"ಊರು ಕಣೇ. ಪೂರ್ತಿ ಊರು. ಬೆಟ್ಟದ ಬೆನ್ನ ಮೇಲೆ ಕೂತಿದೆ. ಮನೆಗಳಿವೆ, ಸೂರಿಲ್ಲ ಅಷ್ಟೆ. ಹಸಿರು ಹಸಿರು ಮೆಟ್ಲು, ಹೊಲದ ಮೆಟ್ಲು, ಕಣಿವೆ ತನಕ ಇಳ್ದಿವೆ. ನಡುವೆ ಒಂದು ಬಯಲು. ಈಗ ಬಿಸಿಲು ಬಯಲಿಗೆ ಬಂತು. ಈಗ ಗೋಡೆ ಮೇಲೆ ಬಂತು. ಸುತ್ತ ಬೆಟ್ಟಗಳೆಲ್ಲ ನಿಂತು ಅದನ್ನೇ ನೋಡ್ತಾ ಇವೆ, ಪುಟ್ಟಾ..." ಹೇಳುವುದಕ್ಕೆ ಅರವತ್ತೊಂದು ವರ್ಷದ ಮಾತೆಲ್ಲ ಹುಡುಕಿದಳು, ಸಾಲಲಿಲ್ಲ. ಸುಮ್ಮನೆ ಮಗಳ ಕೈ ಹಿಡಿದುಕೊಂಡಳು.

ಗಾರ್ಗಿ ಕಣ್ಣು ಬಿಟ್ಟಳು. ಬಿಟ್ಟವಳು ಕಂಬವನ್ನೂ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಅಮ್ಮಾ" ಎಂದಳು ಕೊನೆಗೆ, ಸಿಟ್ಟು ಬಂದವಳ ಹಾಗೆ, ಕೆನ್ನೆಯ ಮೇಲೆ ನೀರಿಳಿಸಿಕೊಂಡು, "ನೀನು ಏನೂ ಹೇಳೇ ಇಲ್ಲ!"

"ಎಲ್ಲಿಂದ ಹೇಳ್ಲೇ?" ಎಂದಳು ರಮಾಮಣಿ.