‘ಇಲ್ಲ’ ಅಂತ ಒತ್ತಿದ ಅಣ್ಣ

ನನ್ನ ಕೆಲಸ ಏನು ಅಂತ ಹೇಳಿದ್ರೆ ಪಾಂಡವಪುರದ ನಮ್ಮ ಮನೆ ಓನರು ಜಯಲಕ್ಷ್ಮಮ್ಮನಿಗೆ ನಗು. “ಮುರಿದು ನೋಡೋಕೂ ಸಂಬಳ ಕೊಟ್ಟಾರಾ?” ಅಂತಾರೆ. ಹೂಂ ಕಣಮ್ಮ, ಕೊಡ್ತಾರೆ. ಸ್ಮಾರ್ಟ್ ಕಾಂಟ್ರ್ಯಾಕ್ಟು ಅಂದ್ರೆ ಕಂಪ್ಯೂಟರೇ ನಡೆಸೋ ಕರಾರು. ಒಂದ್ಸಲ ಬ್ಲಾಕ್‌ಚೈನಿಗೆ ಹತ್ತಿಸಿದ್ರೆ ಮುಗೀತು, ಬ್ರಹ್ಮ ಬಂದ್ರೂ ತಿದ್ದೋಕಾಗಲ್ಲ. ಅದಕ್ಕೇ ಮೊದಲು ಟೆಸ್ಟ್‌ನೆಟ್ ಅನ್ನೋ ಪರೀಕ್ಷೆ ಕಣದಲ್ಲಿ ಸುಳ್ಳು ಕಾಸು ಹಾಕಿ, ಎಲ್ಲಿ ಎಡವುತ್ತೆ ಅಂತ ನಾನು ನೋಡ್ಬೇಕು.

ಈ ಸಲ ಬಂದಿದ್ದು ದುಡ್ಡಿಗೆ ಹಾಕೋ ಬೀಗದ ಕರಾರು. ದುಡ್ಡಿನ ಯಜಮಾನರು ಮೂವತ್ತು ದಿನ ಸದ್ದಿಲ್ಲದೆ ಇದ್ರೆ, ಅವರೇ ಆರಿಸಿದ ನಂಬಿಕಸ್ತರ ಫೋನಿಗೆ ಒಂದು ಪ್ರಶ್ನೆ ಹೋಗುತ್ತೆ: ‘ಇಂಥವರು ಇದ್ದಾರೆಯೇ?’ ‘ಇಲ್ಲ’ ಅಂತ ಒತ್ತಿದ್ರೆ ಯಜಮಾನರು ಸತ್ತರು ಅಂತ ಅರ್ಥ, ಬೀಗದ ಕೈ ನಂಬಿಕಸ್ತರಿಗೆ. ಪರೀಕ್ಷೆಗೆ ಅಂತ ನಾನೇ ಯಜಮಾನಿ ಆಗಿ, ಮೂವತ್ತು ದಿನಾನ ಮೂವತ್ತು ನಿಮಿಷ ಮಾಡ್ಕೊಂಡೆ.

ನಂಬಿಕಸ್ತರ ಜಾಗಕ್ಕೆ ಯಾವಾಗ್ಲೂ ನನ್ನದೇ ಇನ್ನೊಂದು ನಂಬರು ಹಾಕೋಳು ನಾನು. ಈ ಸಲ ಕಂಪನಿಯವರು ಹೊರಗಿನವರೇ ಬೇಕು ಅಂದ್ಬುಟ್ರು. ಫೋನಲ್ಲಿ ಹೆಸರು ಹುಡುಕ್ತಾ ಹೋದೆ. ಗ್ಯಾಸಿನವನು, ಟೈಲರು, ಪ್ಲಂಬರು. ಥೂ, ಮೂವತ್ತಾರು ವರ್ಷ ಬದುಕಿ ನಂಬಿಕಸ್ತರು ಅಂತ ಒಬ್ಬರೂ ಇಲ್ವಲ್ಲ! ಕೊನೆಗೆ ಹೊಣಕೆರೆಯ ನಮ್ಮಣ್ಣ ನಾಗರಾಜು ನಂಬರು ಹಾಕಿದೆ. ಅವನು ನೋಡಿದ ಗಂಡು ಬೇಡ ಅಂದಿದ್ದಕ್ಕೆ ಮಾತು ಬಿಟ್ಟು ಮೂರು ವರ್ಷ. ನನ್ನ ಹೆಸರು ಅವನ ಕಣ್ಣಿಗೆ ಬಿದ್ರೆ ಒಂದು ಮಾತಾದ್ರೂ ಆಡ್ತಾನೇನೋ ಅಂತ ಆಸೆ. ಸುಳ್ಳು ಯಾಕೆ ಹೇಳ್ಲಿ?

ಅರ್ಧ ಗಂಟೆ ಏನೂ ಮುಟ್ಟದೆ ಸತ್ತೋಳ ಥರ ಕೂತೆ. ಪ್ರಶ್ನೆ ಹೋಯ್ತು. ಎರಡೇ ನಿಮಿಷಕ್ಕೆ ಉತ್ತರ: ‘ಇಲ್ಲ.’ ಕರಾರು ನನ್ನ ಮಣ್ಣು ಮಾಡಿ, ಬೀಗದ ಕೈ ಅಣ್ಣನಿಗೆ ಕೊಟ್ಟೇಬುಡ್ತು.

ಮೈಯೆಲ್ಲಾ ಉರಿದೋಯ್ತು. ಫೋನ್ ಮಾಡ್ಬುಟ್ಟೆ. “ನಿನ್ನ ಪಾಲಿಗೆ ನಾನು ಸತ್ತೋದ್ನೇನಣ್ಣ?”

“ಥೂ, ಏನ್ ಬಾಯೇ ನಿಂದು! ರಮ್ಯ ಇದ್ದಾರಾ ಅಂತ ಬಂತು. ಯಾರೋ ಪಾರ್ಸಲ್‌ನೋರು ಅಂದ್ಕೊಂಡೆ. ನೀನು ಮನೇಲಿಲ್ವಲ್ಲ, ಇಲ್ಲ ಅಂತ ಒತ್ದೆ. ಬುಡ್ತು ಅನ್ನು ಮೊದ್ಲು!”

“ಬುಡ್ತು,” ಅಂದೆ. “ನಾಳೆ ಇನ್ನೊಂದ್ಸಲ ಬತ್ತದೆ, ಸರಿಯಾಗಿ ಓದಿ ಒತ್ತು.”

“ಆಯ್ತು. ಹಾಲು ಕರೀಬೇಕು, ಇಡ್ತೀನಿ.”

‘ಇದ್ದಾರೆಯೇ ಅಂದ್ರೆ ನಮ್ಮ ಕಡೆ ಮನೇಲಿ ಇದ್ದಾರಾ ಅಂತ. ಬದುಕಿದ್ದಾರೆಯೇ ಅಂತ ಬಿಡಿಸಿ ಬರೀರಿ’ ಅಂತ ಕಂಪನಿಗೆ ವರದಿ ಕಳಿಸಿದೆ. ಬರೆದ್ರು. ಮಾರನೇ ದಿನ ಮಧ್ಯಾಹ್ನ ಮತ್ತೆ ಅರ್ಧ ಗಂಟೆ ಸತ್ತೆ. ಈ ಸಲ ಅಣ್ಣ ‘ಹೌದು’ ಅಂತ ಒತ್ತಿದ. ಪರೀಕ್ಷೆ ಪಾಸು.

ಎಲ್ಲಿದ್ದೀಯವ್ವ, ಹೆಂಗಿದ್ದೀಯ ಅಂತ ಈಗ್ಲಾದ್ರೂ ಕೇಳ್ತಾನೇನೋ ಅಂತ ದೀಪ ಹಚ್ಚೋ ಹೊತ್ತಿನವರೆಗೂ ಫೋನು ಮಡಿಲಲ್ಲಿಟ್ಕೊಂಡು ಕೂತಿದ್ದೆ. ಕೇಳಲಿಲ್ಲ. ನಾನು ಬದುಕಿದ್ದೀನಿ ಅಂತ ಗೊತ್ತಿದ್ದೂ ಕೇಳಲಿಲ್ಲ ಕಣ್ರೀ.